ನಾಲ್ಕು ಬೆರಳು ಎತ್ತರ

"ಅತ್ತೆ! ಅತ್ತೆ, ಮಾತಾಡಿ! ಏನಾಯ್ತು?"

ಬಚ್ಚಲಿನ ಬಾಗಿಲನ್ನು ಅವಳು ಎರಡೂ ಕೈಗಳಿಂದ ನೂಕುತ್ತಿದ್ದಳು. ಅದು ಕೈ ತೂರುವಷ್ಟು ಸರಿದು ಅಲ್ಲಿಗೇ ನಿಲ್ಲುತ್ತಿತ್ತು. ಒಳಗೆ ಬಿದ್ದಿದ್ದ ಅತ್ತೆಯ ಕಾಲು ಬಾಗಿಲಿಗೆ ಅಡ್ಡ. ಆ ಬಾಗಿಲೋ, ಒಳಕ್ಕೇ ತೆರೆಯುವಂಥದ್ದು. ಜೋರಾಗಿ ನೂಕಿದರೆ ಮುದಿ ಮೂಳೆ ಮುರಿಯುತ್ತದೆ. ನೂಕದಿದ್ದರೆ...

"ನೂಕಬೇಡ ಕಣೇ... ಕಾಲು..."

ಅವಳು ಕಿಟಕಿಗೆ ಓಡಿ ಬೀದಿಗೆ ಕೇಳುವಂತೆ ಕೂಗಿದಳು. ಎದುರು ಮನೆಯಲ್ಲಿ ಕಿಟಕಿ ಕೂರಿಸುತ್ತಿದ್ದ ಬಡಗಿ ಚೀಲ ಹೆಗಲಿಗೇರಿಸಿಕೊಂಡೇ ಬಂದ. ಒಂದು ಮಾತೂ ಕೇಳಲಿಲ್ಲ. ಮಂಡಿಯೂರಿ ಬಾಗಿಲಿನ ಕೆಳಗಿನ ಹಲಗೆಯನ್ನು ಬೆರಳಿಂದ ತಟ್ಟಿ ನೋಡಿದ.

"ಅಮ್ಮಾ, ಕೇಳಿಸ್ತಿದೆಯಾ? ತಲೆ ಯಾವ ಕಡೆ ಇದೆ?"

"ಗೋಡೆ ಕಡೆ ಕಣಪ್ಪಾ... ಆದ್ರೆ ನೀನು ಒಳಗೆ ಬರಬೇಡ. ನಾನು ಸ್ನಾನಕ್ಕೆ ಅಂತ..."

ಮಾತು ಅಲ್ಲಿಗೇ ನಾಚಿಕೆಯಲ್ಲಿ ಮುಳುಗಿತು.

ಅವನು ಚೀಲದಿಂದ ತೆಗೆದಿದ್ದ ಗರಗಸವನ್ನು ಕೆಳಗಿಟ್ಟ. "ಮೊದಲು ಒಂದು ಹೊದಿಕೆ ತನ್ನಿ," ಎಂದ.

ಮುಖವನ್ನು ಪೂರ್ತಿ ಗೋಡೆಗೆ ತಿರುಗಿಸಿಕೊಂಡು, ಸಂದಿಯಿಂದ ಹೊದಿಕೆ ತೂರಿಸಿದ. ಅತ್ತೆ "ಹೂಂ" ಅನ್ನುವವರೆಗೆ ಕಾದ. ಆಮೇಲೆ ಕೆಳಗಿನ ಹಲಗೆಯನ್ನು ಮೆಲ್ಲಗೆ, ಬಲು ಮೆಲ್ಲಗೆ ಕೊಯ್ದು ತೆಗೆದ.

"ನೀವು ತೂರಿ ಹೋಗಿ. ಎತ್ತೋಕೆ ಬೇಕಾದ್ರೆ ಕರೀರಿ. ಅಮ್ಮ ಕರೆದ್ರೆ ಮಾತ್ರ ಬರ್ತೀನಿ."

ಅಂಥ ಗಾಬರಿಯಲ್ಲೂ ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಹುಬ್ಬಿನ ತುಂಬ ಮರದ ಹೊಟ್ಟು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ!

ಮೂಳೆ ಮುರಿದಿರಲಿಲ್ಲ. ಸೊಂಟ ಊದಿತ್ತು, ಅಷ್ಟೇ. ಆದರೆ ಅತ್ತೆಯ ಒಳಗೆ ಬೇರೇನೋ ಮುರಿದಿತ್ತು.

* * *

ಅವಳು ಬಟ್ಟೆ ಹೊಲಿಯುವವಳು. ಬೀದಿಗೆಲ್ಲ ಟೇಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಎರಡು ಮಂಚ, ಒಂದು ಅತ್ತೆಯದು, ಒಂದು ಅವಳದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತವರಿನವರು ಕರೆದಾಗ ಅವಳು ಹೋಗಲಿಲ್ಲ. "ಇವರನ್ನ ಯಾರಿಗೆ ಬಿಟ್ಟು ಬರ್ಲಿ?" ಅಂದಿದ್ದಳು. ಆಮೇಲೆ ಯಾರೂ ಕರೆಯಲೂ ಇಲ್ಲ.

ಮದುವೆಯ ಹೊಸದರಲ್ಲಿ ಗಂಡ ಆ ಮಲಗುವ ಕೋಣೆಯ ಮೂಲೆಗೆ ಗೋಡೆ ಎಬ್ಬಿಸಿ ಬಚ್ಚಲು ಮಾಡಿಸಿದ್ದ. ಒಳಗೆ ಹೊಟ್ಟೆ ಮುಂದೆ ಚಾಚಿಕೊಂಡ ಕೈತೊಳೆಯುವ ಬೇಸಿನ್ನು, ಆಳೆತ್ತರದ ಬೀರು, ನೀರಿನ ಡ್ರಮ್ಮು. ಓರೆಯಾಗಿ ಹೋಗಬೇಕು, ಉಸಿರು ಬಿಗಿಹಿಡಿದು ಬಾಗಿಲು ಹಾಕಬೇಕು, ಆಮೇಲೆ ತಿರುಗಬೇಕು.

"ಇದರೊಳಗೆ ಬೆಕ್ಕು ತಿರುಗಬೇಕಂದ್ರೆ ಬಾಲ ಹೊರಗಿಟ್ಟು ಬರಬೇಕು," ಎಂದು ಅತ್ತೆ ಮೊದಲೆಲ್ಲ ನಗುತ್ತಿದ್ದರು.

ಈಗ ನಗುತ್ತಿರಲಿಲ್ಲ. ಕೊಯ್ದ ಬಾಗಿಲನ್ನು ಕಳಚಿಹಾಕಿ, ಅದಿದ್ದ ಕಡೆ ಒಂದು ಬಟ್ಟೆ ತೂಗಹಾಕಿದ್ದರು. ಸೊಸೆ ನೀರು ಹಾಕುವಾಗ ಅತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಬೆನ್ನು ಮಾತ್ರ ಸಣ್ಣಗೆ ನಡುಗುತ್ತಿತ್ತು. ನೀರಿನ ಚಳಿಗಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಅತ್ತೆ... ನಾನು ನಿಮ್ಮ ಮಗಳಲ್ವಾ? ಯಾಕೆ ನಾಚಿಕೆ?"

"ಮಗಳೇ ಕಣೇ. ಅದಕ್ಕೇ ನಾಚಿಕೆ." ಅತ್ತೆ ಮುಖ ಒರೆಸಿಕೊಂಡರು. "ಕಣ್ಣು ಮುಚ್ಚೋದರೊಳಗೆ ಒಂದ್ಸಲ ಬಾಗಿಲು ಹಾಕ್ಕೊಂಡು, ನನ್ನ ಪಾಡಿಗೆ ನಾನು ಸ್ನಾನ ಮಾಡ್ಬೇಕು. ಅಷ್ಟೇ. ಇನ್ನೇನೂ ಬೇಡ ನಂಗೆ."

ಅವಳು ಚೊಂಬು ಕೆಳಗಿಟ್ಟಳು. ಅಷ್ಟು ಸಣ್ಣ ಆಸೆ! ಅದನ್ನೂ ನಡೆಸಿಕೊಡದಿದ್ದರೆ ತಾನಿದ್ದೇನು ಫಲ?

ಆ ಬಡಗಿಯನ್ನೇ ಕರೆಸಿದಳು.

* * *

ಬೀದಿಯಲ್ಲಿ ಅವನಿಗೆ ಅಳತೆ ಮೇಸ್ತ್ರಿ ಎಂದು ಹೆಸರು. ಒಂದು ಗೂಟ ಹೊಡೆಯಬೇಕಾದರೂ ಮತ್ತೆ ಮತ್ತೆ ಅಳೆಯುವವನು. ಕಿವಿಯ ಮೇಲೆ ಸದಾ ಪೆನ್ಸಿಲ್ಲು. ಒಂಟಿ ಮನುಷ್ಯ. ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನ ವಯಸ್ಸು ದಾಟಿಹೋಯಿತು ಎಂದು ಜನ ಹೇಳುತ್ತಿದ್ದರು.

ಬಚ್ಚಲಿನ ಮುಂದೆ ಸುಮ್ಮನೆ ನಿಂತು ನೋಡಿದ.

"ಜಾಗ ಕಮ್ಮಿ ಇಲ್ಲ ಟೇಲರಮ್ಮ. ಸಾಮಾನು ನೆಲದ ಮೇಲೆ ಕೂತಿದೆ, ಅಷ್ಟೇ. ನೆಲ ಕಂಡಷ್ಟೂ ಕೋಣೆ ದೊಡ್ಡದು. ಎಲ್ಲಾನೂ ಗೋಡೆಗೆ ಹತ್ತಿಸೋಣ."

"ಗೋಡೆ ಅಷ್ಟು ಭಾರ ಹೊರತ್ತಾ?"

"ಗೋಡೆ ಹೊರತ್ತೆ. ಮನುಷ್ಯರೇ ಎಷ್ಟೊಂದು ಹೊರ್ತಾರೆ..."

ಅವಳು ತಟ್ಟನೆ ತಲೆಯೆತ್ತಿದಳು. ಅವನು ಆಗಲೇ ಟೇಪು ಹಿಡಿದು ಬಾಗಿದ್ದ.

ಒಳಕ್ಕೆ ತೆರೆಯುವ ಬಾಗಿಲಿನ ಬದಲು ಹೊರಗೋಡೆಯ ಮೇಲೆ ಪಕ್ಕಕ್ಕೆ ಜಾರುವ ಬಾಗಿಲು. ಬೇಸಿನ್ನು ಮೂಲೆಗೆ, ಅಂಗೈಯಗಲದ್ದು. ಸೋಪು, ಎಣ್ಣೆ ಇಡಲು ಗೋಡೆಯನ್ನೇ ಕೊರೆದು ಗೂಡು. ಟವೆಲ್ಲುಗಳಿಗೆ ಬಾಗಿಲಿನ ತಲೆಯ ಮೇಲೊಂದು ಹಲಗೆ. ಕಿಟಕಿಯ ಎದುರಿಗೆ ದೊಡ್ಡ ಕನ್ನಡಿ, ಬಂದ ಬೆಳಕು ಮತ್ತೊಮ್ಮೆ ಬರಲಿ ಎಂದು. ಕೂತು ಸ್ನಾನ ಮಾಡಲು ಗೋಡೆಗೆ ಮಡಚುವ ಮರದ ಆಸನ. ಬೇಕಾದಾಗ ಇಳಿಸುವುದು, ಬೇಡವಾದಾಗ ಎತ್ತಿಬಿಡುವುದು.

ಬೀರಿನ ಮಾತು ಬಂದಾಗ ಅವಳು ಅದರ ಬಾಗಿಲಿಗೆ ಕೈಯೂರಿ ನಿಂತಳು. ಅದರಲ್ಲಿ ಗಂಡ ಗಡ್ಡ ಕೆರೆದುಕೊಳ್ಳುವಾಗ ಇಟ್ಟುಕೊಳ್ಳುತ್ತಿದ್ದ ಸೋಪಿನ ಬಟ್ಟಲು ಇನ್ನೂ ಇತ್ತು.

"ತೆಗೆಸು ಮಗಳೇ," ಎಂದರು ಅತ್ತೆ. "ನಿನ್ನನ್ನ ಓರೆಯಾಗಿ ನಿಲ್ಲಿಸೋಕೆ ಅಂತ ಅವನು ಅದನ್ನ ಮಾಡಿಸಿದ್ದಲ್ಲ."

ಆಸನದ ಎತ್ತರಕ್ಕೆ ಅವನು ಟೈಲ್ಸುಗಳನ್ನು ಒಂದರ ಮೇಲೊಂದು ಪೇರಿಸಿದ. "ಕೂರೋರೇ ಕೂತು ತೋರಿಸ್ಬೇಕು. ಇದು ನನ್ನ ಪದ್ಧತಿ."

ಗಂಡಸಿನ ಮುಂದೆ ಹಾಗೆ ಕೂರಲು ಅತ್ತೆ ಒಪ್ಪಲಿಲ್ಲ. "ನೀನೇ ಕೂರು ಮಗಳೇ."

"ನಾನು ಕೂರ್ತೀನಿ ಮೇಸ್ತ್ರಿ. ಆದ್ರೆ ಅತ್ತೆ ಕಾಲು ಗಿಡ್ಡ. ಇದಕ್ಕಿಂತ ನಾಲ್ಕು ಬೆರಳು ಕಮ್ಮಿ ಮಾಡಿ. ಮರೀಬೇಡಿ!"

"ನಾಲ್ಕು ಬೆರಳು," ಎಂದ ಅವನು. ಅವಳ ಮಂಡಿಯ ಪಕ್ಕ ಟೇಪು ಹಿಡಿದ ಅವನ ಕೈ ಯಾಕೋ ಸ್ವಲ್ಪ ಅಲುಗಿತು.

ಕೆಲಸ ನಡೆದಷ್ಟು ಕಾಲ ಮನೆಯಲ್ಲಿ ಮರದ ವಾಸನೆ. ಯಂತ್ರದ ಸದ್ದಿಗೆ ಸುತ್ತಿಗೆಯ ಸದ್ದು ಉತ್ತರ ಕೊಟ್ಟಂತೆ ಇರುತ್ತಿತ್ತು. ಒಮ್ಮೆ ಅವನು ಕೇಳಿದ.

"ಟೇಲರಮ್ಮ, ಬೇಜಾರಿಲ್ಲ ಅಂದ್ರೆ ಒಂದು ಮಾತು. ಬೀದಿ ಬಾಗಿಲು ಇಷ್ಟಗಲ ಇದೆ. ಅಲ್ಲೂ ಯಾಕೆ ಓರೆಯಾಗಿ ಬರ್ತೀರಿ?"

ಅವಳಿಗೇ ಗೊತ್ತಿರಲಿಲ್ಲ! ವರ್ಷಗಟ್ಟಲೆ ಆ ಬಚ್ಚಲಲ್ಲಿ ಓರೆಯಾಗಿ ಹೋಗಿ ಬಂದು, ಮೈಯೇ ಹಾಗೆ ಕಲಿತುಬಿಟ್ಟಿತ್ತು.

"ಅಭ್ಯಾಸ," ಎಂದಳು. ಅವನು ಹೊರಟ ಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲಾಗಲಿಲ್ಲ. *ನನ್ನ ನಡಿಗೆಯನ್ನೂ ನೋಡೋರು ಒಬ್ಬರಿದ್ದಾರಾ...*

* * *

ಎಲ್ಲ ಮುಗಿದ ದಿನ ಅತ್ತೆಯ ಮುಖದಲ್ಲಿ ಹಬ್ಬ. ಬಾಗಿಲನ್ನು ಒಂದೇ ಬೆರಳಿನಿಂದ ಜಾರಿಸಿದರು. "ಏಯ್, ಬೆಣ್ಣೆ ಕಣೇ!"

"ಅಮ್ಮಾ, ಒಂದ್ನಿಮಿಷ ತಡೀರಿ. ಹೊರಗಿಂದ ಒಂದು ಸಾಮಾನು ತರೋದಿದೆ," ಎಂದು ಅವನು ಓಡಿದ. ಅತ್ತೆ ತಡೆಯಬೇಕಲ್ಲ! ಆಸನ ಇಳಿಸಿ ಕೂತೇಬಿಟ್ಟರು.

ಕಾಲು ನೆಲಕ್ಕೆ ಮುಟ್ಟಲಿಲ್ಲ. ಗಾಳಿಯಲ್ಲಿ ತೂಗಿತು. ಮೈ ಮುಂದಕ್ಕೆ ಜಾರಿತು...

"ಅತ್ತೇ!"

ಅವಳು ಹಾರಿ ಹಿಡಿದುಕೊಳ್ಳದಿದ್ದರೆ ಮತ್ತೆ ಅದೇ ನೆಲ, ಅದೇ ಸೊಂಟ. ಅವನು ಕೈಯಲ್ಲಿ ಒಂದು ಮಣೆ ಹಿಡಿದು ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ.

"ನಾಲ್ಕು ಬೆರಳು ಕಮ್ಮಿ ಅಂತ ಹೇಳಿದ್ನಾ, ಇಲ್ವಾ?" ಅವಳು ಅತ್ತೆಯನ್ನು ಹಿಡಿದುಕೊಂಡೇ ಕೇಳಿದಳು.

"ಹೇಳಿದ್ರಿ."

"ಮತ್ತೆ?"

ಅವನು ಅತ್ತೆಯ ಕಡೆ ನೋಡಿದ. ಅತ್ತೆ ಗೋಡೆಯ ಕಡೆ ನೋಡಿದರು.

"ತಪ್ಪಾಯ್ತು," ಎಂದ. "ಕಾಲಿಗೆ ಈ ಮಣೆ ಹಾಕಿದ್ರೆ ಸರಿಹೋಗತ್ತೆ."

"ಮಣೆನಾ? ನೆಲ ಖಾಲಿ ಮಾಡ್ತೀನಿ ಅಂತ ಬಂದು, ಅದೇ ನೆಲಕ್ಕೆ ತೇಪೆ ಹಾಕ್ತೀರಾ? ನಾಲ್ಕು ಬೆರಳು ತಪ್ಪಿದ್ರೆ ನನ್ನ ಕೆಲಸದಲ್ಲಿ ಬಟ್ಟೆ ಹಾಳು. ಇಲ್ಲಿ ಜೀವ ಹೋಗ್ತಿತ್ತು! ಕಿತ್ತು ಕೆಳಗೆ ಹಾಕಿ."

"ಬೇಡ ಕಣೇ," ಎಂದರು ಅತ್ತೆ ಥಟ್ಟನೆ. "ಟೈಲ್ಸು ಒಡೆಯತ್ತೆ. ನಂಗೆ ಮಣೆ ಸಾಕು."

"ನೀವು ಸುಮ್ನಿರಿ ಅತ್ತೆ. ಅಳತೆ ಮೇಸ್ತ್ರಿಯಂತೆ! ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ."

ಅವನು ಮಣೆಯನ್ನು ಆಸನದ ಕೆಳಗಿಟ್ಟು, ಅಲುಗುತ್ತದೆಯೇ ಎಂದು ಒತ್ತಿ ನೋಡಿ, ಚೀಲ ಎತ್ತಿಕೊಂಡು ಹೋದ.

ಅವಳು ಯಂತ್ರದ ಮೇಲೆ ತಲೆಯಿಟ್ಟಳು. ಕೋಪಕ್ಕಿಂತ ಹೆಚ್ಚಾಗಿ ಅದು ನೋವು. *ಇವನಾದರೂ ನನ್ನ ಮಾತು ಕಿವಿಗೆ ಹಾಕಿಕೊಳ್ಳುತ್ತಾನೆ ಅಂದುಕೊಂಡಿದ್ದೆನಲ್ಲಾ...*

* * *

ಅತ್ತೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದರು. ಒಂದು ಸಲವಲ್ಲ, ದಿನವೂ ಮಾಡಿದರು. ಒಳಗಿಂದ ನೀರಿನ ಸದ್ದು, ನಡುನಡುವೆ ಗುನುಗು. ಹೊರಗೆ ಅವಳು ಯಂತ್ರ ನಿಲ್ಲಿಸಿ ಕೇಳುತ್ತಿದ್ದಳು. ಕಣ್ಣು ತುಂಬುತ್ತಿತ್ತು.

"ಕನ್ನಡೀಲಿ ನಂಗೆ ನನ್ನ ತಲೆಕೂದಲು ಮಾತ್ರ ಕಾಣತ್ತೆ ಕಣೇ. ಒಳ್ಳೇದೇ ಆಯ್ತು, ಮುಖ ಯಾರಿಗೆ ಬೇಕು!"

"ಅದನ್ನೂ ಎತ್ತರಕ್ಕೆ ಹೊಡೆದಿದಾರಾ? ಅಳತೆ ಮೇಸ್ತ್ರಿ!"

"ಒಳ್ಳೆಯವನು ಕಣೇ ಅವನು."

"ಒಳ್ಳೆಯವರಾಗಿದ್ರೆ ಅಳತೆ ತಪ್ತಿರಲಿಲ್ಲ."

"ತಪ್ಪಿದೆ ಅಂತ ಯಾರು ಹೇಳಿದ್ರು?" ಅತ್ತೆ ಒದ್ದೆ ಕೂದಲು ಒರೆಸಿಕೊಳ್ಳುತ್ತಾ ನಕ್ಕರು. ಮುದುಕರ ಮಾತು ಎಂದು ಅವಳು ಅಷ್ಟಕ್ಕೇ ಬಿಟ್ಟಳು.

ಹೂವಿನ ತೊಟ್ಟು ಸಡಿಲಾದಂತೆ ಅತ್ತೆ ಸಡಿಲವಾಗುತ್ತಾ ಬಂದರು. ಒಂದು ಬೆಳಿಗ್ಗೆ ತಾವೇ ಸ್ನಾನ ಮಾಡಿ, ತಾವೇ ತಲೆ ಬಾಚಿಕೊಂಡು, "ಸ್ವಲ್ಪ ಒರಗ್ತೀನಿ ಮಗಳೇ" ಎಂದರು. ಮತ್ತೆ ಏಳಲಿಲ್ಲ.

ಬೀದಿಯವರೆಲ್ಲ ಬಂದರು. ಮೇಸ್ತ್ರಿಯೂ ಬಂದ. ಬಿಸಿಲಿನಲ್ಲಿ, ಮೆಟ್ಟಿಲ ಕೆಳಗೇ ನಿಂತಿದ್ದ. ಯಾರು ಕರೆದರೂ ಮೇಲೆ ಹತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಮನೆ ಒಮ್ಮೆಲೇ ದೊಡ್ಡದಾಯಿತು. ಯಾರಿಗೂ ಬೇಡವಾದಷ್ಟು ದೊಡ್ಡದು.

ಅಳುವುದನ್ನು ಯಾರೂ ನೋಡಬಾರದೆಂದು ಅವಳು ಬಚ್ಚಲಿಗೆ ಹೋದಳು. ನೋಡಲು ಯಾರಿದ್ದರು? ಆದರೂ ಬಾಗಿಲು ಜಾರಿಸಿದಳು. ಅತ್ತೆಯ ಮಣೆ ಕಣ್ಣಿಗೆ ಬಿತ್ತು. ತಾಳಲಾಗಲಿಲ್ಲ. ಅದನ್ನೆತ್ತಿ ಎದೆಗವಚಿಕೊಂಡು ಆಸನದ ಮೇಲೆ ಕುಸಿದಳು.

ಅತ್ತು ಅತ್ತು ಸಾಕಾದಾಗ ಒಂದು ವಿಷಯ ಗೊತ್ತಾಯಿತು.

ಅವಳ ಎರಡೂ ಪಾದಗಳು ನೆಲದ ಮೇಲೆ ಪೂರ್ತಿಯಾಗಿ ಊರಿದ್ದವು.

ತಲೆಯೆತ್ತಿದಳು. ಕನ್ನಡಿಯಲ್ಲಿ ಅವಳ ಮುಖ, ಅಂಚು ಕತ್ತರಿಸದೆ, ಸರಿಯಾಗಿ ನಡುವೆ! ಕೈ ಚಾಚಿದಳು. ಗೂಡು ಬೆರಳಿಗೆ ಸಿಕ್ಕಿತು.



ಎದೆಯ ಮೇಲಿದ್ದ ಮಣೆಯನ್ನು ತಿರುಗಿಸಿ ನೋಡಿದಳು. ಸರಿಯಾಗಿ ನಾಲ್ಕು ಬೆರಳು ಎತ್ತರ. ಉಜ್ಜಿ, ಬಣ್ಣ ಬಳಿದು, ನೆಲದ ಇಳಿಜಾರಿಗೆ ತಕ್ಕಂತೆ ಕಾಲು ಕೊರೆದ ಮಣೆ. ಅವಸರದ ತೇಪೆಯಲ್ಲ ಇದು... ತಾನು ಬೈಯುವ ಮೊದಲೇ ಇದು ಅವನ ಕೈಯಲ್ಲಿತ್ತಲ್ಲ!

ಊರಿನ ಎಲ್ಲರ ಅಳತೆ ತೆಗೆದವಳು ಅವಳು. ಅವಳ ಅಳತೆಯನ್ನು ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ.

* * *

ಅವನ ಅಂಗಡಿಯ ಮುಂದೆ ಮಣೆ ಹಿಡಿದು ನಿಂತಳು. ಅವನು ಹಲಗೆ ನಯಮಾಡಲು ರಂದ ಹೊಡೆಯುವುದನ್ನು ನಿಲ್ಲಿಸಿದ.

"ಯಾಕೆ ಹೇಳಲಿಲ್ಲ?"

"ಅಮ್ಮ ಮಾತು ತಗೊಂಡಿದ್ರು."

"ಏನಂದ್ರು ಅತ್ತೆ? ಹೇಳಿ... ಅವರು ಹೇಳಿದ ಹಾಗೇ ಹೇಳಿ."

ಅವನು ಹೊಟ್ಟನ್ನು ಕೈಯಿಂದ ಸರಿಸುತ್ತಾ ಹೇಳಿದ. "'ನಾನು ಇನ್ನೆಷ್ಟು ದಿನದ ನೆಂಟಳಪ್ಪಾ? ಮಣೆ ಹಾಕ್ಕೊಂಡು ಕಾಲ ಹಾಕ್ತೀನಿ. ಅವಳ ಅಳತೆಗೆ ಅಂತ ಈ ಮನೇಲಿ ಯಾರೂ ಏನೂ ಮಾಡಿಸ್ಲಿಲ್ಲ. ನನ್ನ ಮಗನೂ ಇಲ್ಲ, ನಾನೂ ಇಲ್ಲ. ಗೊತ್ತಾದ್ರೆ ಕಿತ್ತು ಹಾಕಿಸ್ತಾಳೆ, ಹೇಳಬೇಡ' ಅಂದ್ರು."

ಅವಳು ಮಣೆಗೆ ಮುಖವೊತ್ತಿ ಅತ್ತಳು. ಅವನು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಅವತ್ತಿನಂತೆಯೇ ಮುಖ ಗೋಡೆಗೆ ತಿರುಗಿಸಿ ನಿಂತ.

"ಅಷ್ಟು ಬೈದೆ ನಾನು..."

"ಬೈಸ್ಕೊಂಡ್ರೆ ಏನಾಯ್ತು? ಅಮ್ಮ ಬಾಗಿಲು ಹಾಕ್ಕೊಂಡು ಸ್ನಾನ ಮಾಡಿದ್ರಲ್ಲ."

"ನಿಮಗೆ ನೋವಾಗ್ಲಿಲ್ವಾ?"

"ಮೆಟ್ಟಿಲು ಹತ್ತಬೇಡಿ ಅಂದ್ರಲ್ಲ, ಅದಕ್ಕೆ ಆಯ್ತು." ಅವನ ದನಿ ತಗ್ಗಿತು. "ಅಳತೆ ತಗೊಳ್ಳೋವಾಗ ನನ್ನ ಕೈ ಯಾವತ್ತೂ ನಡುಗಿಲ್ಲ ಟೇಲರಮ್ಮ. ನಿಮ್ಮದು ತಗೊಂಡಾಗ ನಡುಗ್ತು. ಅವತ್ತೇ ಹೇಳ್ಬೇಕಿತ್ತು."

ಅವಳು ಸೆರಗಿನಿಂದ ಮಣೆಯ ಮೇಲಿನ ಕಣ್ಣೀರು ಒರೆಸಿದಳು.

"ಇತ್ತ ತಿರುಗಿ," ಎಂದಳು ಕೊನೆಗೆ. "ಮನೆ ತುಂಬ ದೊಡ್ಡದಾಗಿಬಿಟ್ಟಿದೆ ಮೇಸ್ತ್ರಿ. ಒಬ್ಬಳಿಗೆ ಅಷ್ಟು ಬೇಡ."

ಅವಳ ಮನೆಯ ಮೆಟ್ಟಿಲ ಬಳಿ ಅವನು ನಿಂತ.

"ಹತ್ತಲಾ?"

"ಹತ್ತಿ."

ಬಾಗಿಲಲ್ಲಿ ಅವಳು ಅಭ್ಯಾಸದಂತೆ ಓರೆಯಾದಳು, ಅವನಿಗೆ ದಾರಿ ಬಿಡಲು.

"ನೇರ ನಡೀರಿ," ಎಂದ ಅವನು ಮೆಲ್ಲಗೆ. "ಇಬ್ಬರಿಗೂ ಜಾಗ ಇದೆ. ಅಳತೆ ನೋಡಿದೀನಿ."

ಅವಳು ಕಣ್ಣೊರೆಸಿಕೊಂಡಳು. "ಮತ್ತೆ ನಾಲ್ಕು ಬೆರಳು ಹೆಚ್ಚುಕಮ್ಮಿ ಆದ್ರೆ?"

"ಅಮ್ಮನ ಮಣೆ ಇದೆಯಲ್ಲ."