ಆಸ್ಟರ್‌ಕೋಟ್‌ನ ಏಳು ಜೇನುಪೆಟ್ಟಿಗೆಗಳು

ಜೇನುಗಳನ್ನು ಕೊಲ್ಲಿಸುವ ಮಾತನ್ನು ಲಯನೆಲ್ ಥ್ಯಾಕ್‌ವೆಲ್ ಆಡಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಸುಟ್ಟ ಬ್ರೆಡ್ಡಿನ ಮೇಲೆ ಅದೇ ಜೇನುಗಳ ತುಪ್ಪ ಸವರಿಕೊಳ್ಳುತ್ತ.

"ಗುರುವಾರ ಲಡ್ಲೋದಿಂದ ಒಬ್ಬ ಬರ್ತಾನೆ, ಬೆಡೋಸ್. ಔಷಧಿ ಹೊಡೆದು ಏಳೂ ಪೆಟ್ಟಿಗೆ ಮುಗಿಸ್ತಾನೆ. ನೀನು ತೋಟದ ಬಾಗಿಲು ತೆಗೆದುಕೊಟ್ರೆ ಸಾಕು."

"ಬೇರೆ ಕಡೆಗೆ ಸಾಗಿಸಬಹುದಲ್ಲ, ಸರ್."

"ಎಲ್ಲಿಗಪ್ಪಾ? ನಿನ್ನ ಮಂಚದ ಕೆಳಗಾ?" ಎಂದು ಯಜಮಾನ ತನ್ನ ಮಾತಿಗೆ ತಾನೇ ನಕ್ಕ. ನಗುವಾಗ ತುಪ್ಪದ ಒಂದು ಎಳೆ ಗಲ್ಲಕ್ಕಿಳಿಯಿತು. ಅದನ್ನು ಬೆರಳಿನಿಂದ ಒರೆಸಿ ನೆಕ್ಕಿದ.

ಹಿಂದಿನ ಭಾನುವಾರ ಮನೆ ನೋಡಲು ಬಂದವರ ಮಗುವೊಂದಕ್ಕೆ ಕಿವಿಯ ಮೇಲೆ ಜೇನು ಕಚ್ಚಿತ್ತು. ತಾಯಿ ರಂಪ ಮಾಡಿದ್ದಳು. ಆಸ್ಟರ್‌ಕೋಟ್ ಈಗ ನಡೆಯುತ್ತಿದ್ದುದೇ ಹಾಗೆ ಬಂದುಹೋಗುವವರ ಟಿಕೆಟಿನಿಂದ. ಹಣ್ಣಿನ ತೋಟದಲ್ಲಿ ಜೇನಿನ ಬದಲು ಉಯ್ಯಾಲೆ, ಜಾರುಬಂಡೆ ಬರಲಿದ್ದವು.

ಈನಾಕ್ ಬೆಡೋಸ್ ನಲವತ್ತು ವರ್ಷದಿಂದ ಅಲ್ಲಿಯ ತೋಟಗಾರ. ಆ ಜೇನುಗಳನ್ನು ಅವನ ಅಜ್ಜ ಸಾಕಿದ್ದ, ಅಜ್ಜನ ನಂತರ ಅವ್ವ, ಅವ್ವನ ನಂತರ ಇವನು. ಆದರೆ ಪೆಟ್ಟಿಗೆಗಳು ನಿಂತಿದ್ದ ನೆಲ ಥ್ಯಾಕ್‌ವೆಲ್‌ನದು. ಇವನು ಮಲಗುತ್ತಿದ್ದ ಗೇಟಿನ ಮನೆಯೂ ಅವನದೇ. ಹೆಂಡತಿ ಮಕ್ಕಳಿಲ್ಲದ ಬೆಡೋಸ್‌ಗೆ ಸಂಜೆ ಹೊತ್ತು ಕಿವಿಗೊಟ್ಟು ಕೂರಲು ಇದ್ದದ್ದು ಆ ಏಳು ಪೆಟ್ಟಿಗೆಗಳು ಮಾತ್ರ. ಯಜಮಾನನಿಗೆ ಮಕ್ಕಳಿರಲಿಲ್ಲ. ಅವನ ನಂತರ ಆಸ್ಟರ್‌ಕೋಟ್ ಎಡಿನ್‌ಬರೋದಲ್ಲಿದ್ದ ತಮ್ಮನ ಮಗಳು ರೊವೆನಾಗೆ. ಪ್ರತಿ ಕ್ರಿಸ್‌ಮಸ್ ಕಾಗದದಲ್ಲೂ ಅವಳು ಮೊದಲು ಕೇಳುತ್ತಿದ್ದುದು ದೊಡ್ಡಪ್ಪನ ಮಂಡಿನೋವನ್ನಲ್ಲ, ಜೇನುಗಳ ಯೋಗಕ್ಷೇಮವನ್ನು.

ಹೀಗೆ, ಗುರುವಾರದೊಳಗೆ ಯಜಮಾನ ಸಾಯಬೇಕಾಗಿತ್ತು. ಈ ತೀರ್ಮಾನಕ್ಕೆ ಬರಲು ಬೆಡೋಸ್‌ಗೆ ಒಂದು ಸಾಲು ಗುಲಾಬಿ ಕತ್ತರಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ದೊಡ್ಡ ಹುಲ್ಲುಹಾಸು ಮುಗಿಯುವಲ್ಲಿ ಒಂದು ಕಂದಕವಿದೆ. ಮನೆಯಿಂದ ನೋಡಿದರೆ ಹುಲ್ಲುಹಾಸೂ ಅದರಾಚೆ ಕುರಿ ಮೇಯುವ ಬಯಲೂ ಒಂದೇ ಆಗಿ ಕಾಣುತ್ತವೆ. ನಡುವೆ ಏಳಡಿಯ ಕಲ್ಲುಗೋಡೆ ನೆಲಕ್ಕಿಳಿದಿರುವುದು ಅಂಚಿಗೆ ಹೋಗಿ ನಿಂತವರಿಗೆ ಮಾತ್ರ ತಿಳಿಯುತ್ತದೆ. ಕುರಿ ಮೇಲೆ ಬರಬಾರದು, ನೋಟಕ್ಕೆ ಬೇಲಿಯೂ ಅಡ್ಡವಾಗಬಾರದು ಎಂದು ಹಳೆಯ ಕಾಲದವರು ಮಾಡಿಕೊಂಡ ಉಪಾಯ ಅದು. ಗೋಡೆಯ ನೆತ್ತಿಗೆ ಚಪ್ಪಡಿಗಳ ಸಾಲಿತ್ತು. ಪ್ರತಿ ಸಂಜೆ ಆರು ಗಂಟೆಗೆ ಥ್ಯಾಕ್‌ವೆಲ್ ಜಿನ್ನಿನ ಗ್ಲಾಸು ಹಿಡಿದು ಬಂದು ಒಂದೇ ಚಪ್ಪಡಿಯ ಮೇಲೆ ನಿಂತು ತನ್ನ ಬಯಲನ್ನು ನೋಡುತ್ತಿದ್ದ.

ಮೂರು ದಿನ ಆ ಚಪ್ಪಡಿಯ, ಅದರ ಪಕ್ಕದ್ದರ ಕೆಳಗಿನ ಗಾರೆಯನ್ನು ಬೆಡೋಸ್ ಸ್ವಲ್ಪ ಸ್ವಲ್ಪವಾಗಿ ಕೆದಕಿದ. ಉದುರಿದ ಪುಡಿಯನ್ನು ಬುಟ್ಟಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಸುರಿದ. ಸಂದಿಗೆ ಪಾಚಿ ತುರುಕಿ ನೀರು ಚಿಮುಕಿಸಿದ. ಹಳೆಯ ಕಲ್ಲು, ವಯಸ್ಸಾದ ಮನುಷ್ಯ, ಕೈಯಲ್ಲಿ ಗ್ಲಾಸು. ಇದಕ್ಕಿಂತ ಹೆಚ್ಚು ಯಾರು ಹುಡುಕುತ್ತಾರೆ? ಸೋಮವಾರ, ಮಂಗಳವಾರ ಮನೆ ನೋಡಲು ಬಿಡುತ್ತಿರಲಿಲ್ಲ. ಅಡುಗೆಯ ಮಿಸೆಸ್ ಗ್ವಿಲಿಯಂ ಬುಧವಾರವೇ ಬರುವುದು. ಅವಳೂ ಸೀದಾ ಹೋಗಿ ಮನೆ ನೋಡಲು ಬಂದವರಿಗೆಂದು ಇದ್ದ ಟೀ ಅಂಗಡಿ ತೆರೆಯುವವಳು, ಮಧ್ಯಾಹ್ನದವರೆಗೆ ಯಜಮಾನನ ಕೋಣೆಯತ್ತ ತಲೆ ಹಾಕುವವಳಲ್ಲ. ಹೆಣ ಕಾಣಬೇಕಾದದ್ದು ಬುಧವಾರ, ಊಟದ ಬುಟ್ಟಿ ಹಿಡಿದು ನೆರಳು ಹುಡುಕುವ ಯಾರೋ ಪರಸ್ಥಳದವರಿಗೆ. ಆಗ ಬೆಡೋಸ್ ಹತ್ತು ಜನರ ನಡುವೆ ಟಿಕೆಟ್ ಹರಿಯುತ್ತಿರಬೇಕು. ಅವನು ಹೇಳಬೇಕಾದ ಸುಳ್ಳು ಒಂದೇ: ಯಾರೋ ಕೂಗುವವರೆಗೆ ನನಗೇನೂ ಗೊತ್ತಿರಲಿಲ್ಲ.

ಮಂಗಳವಾರ ಆರು ಗಂಟೆಗೆ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಚಪ್ಪಡಿ ವಾಲಿತು, ಯಜಮಾನ ಮಾಯವಾದ. ಬೆಡೋಸ್ ಕತ್ತರಿಯನ್ನು ಒರೆಸಿ ಜೇಬಿಗಿಟ್ಟು, ಅವಸರ ಮಾಡದೆ ಅಂಚಿಗೆ ಹೋಗಿ ಬಗ್ಗಿ ನೋಡಿದ. ಯಜಮಾನನ ಕಾಲು ಕಾಲಿನಂತೆ ಮಡಚಿರಲಿಲ್ಲ.

"ಬೆಡೋಸ್! ದೇವರು ಕಳಿಸಿದ ಹಾಗೆ ಬಂದೆ ಮಾರಾಯ. ಏಣಿ ತಗೊಂಡ್ಬಾ, ಬೇಗ."

"ತುಂಬಾ ನೋವಿದೆಯಾ, ಸರ್?"

"ಇದೇನು ಕೇಳೋ ಮಾತೇನೋ? ಓಡು!"

"ಗುರುವಾರದ ಆ ಮನುಷ್ಯನಿಗೆ ಬರಬೇಡ ಅಂತ ಹೇಳಬಹುದಾ, ಸರ್?"

ಕೆಳಗಿನ ಮುಖ ಬಿದ್ದ ಚಪ್ಪಡಿಯನ್ನು ನೋಡಿತು, ಮೇಲಿದ್ದ ಬೆಡೋಸ್‌ನನ್ನು ನೋಡಿತು. ಆಮೇಲೆ ಅದಕ್ಕೆ ಎಲ್ಲ ಅರ್ಥವಾಯಿತು. "ಹೇಳು, ಈನಾಕ್. ಈಗಲೇ ಹೇಳು. ಜೇನು ಇರ್ಲಿ ಬಿಡು," ಎಂದಿತು. ನಲವತ್ತು ವರ್ಷದಲ್ಲಿ ಯಜಮಾನ ಅವನನ್ನು ಮನೆತನದ ಹೆಸರು ಬಿಟ್ಟು ಅವನದೇ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ತುಂಬಾ ಉಪಕಾರ, ಸರ್," ಎಂದು ಬೆಡೋಸ್ ಪಕ್ಕದ ಚಪ್ಪಡಿಯನ್ನು ಕಾಲಿನಿಂದ ನೂಕಿದ. ಅದು ಬಿದ್ದ ಸದ್ದಿಗೆ ಕುರಿಗಳು ತಲೆಯೆತ್ತಿ ನೋಡಿ, ಮತ್ತೆ ಮೇಯತೊಡಗಿದವು.

ರಾತ್ರಿ ಅವನು ಹಂದಿಮಾಂಸದ ಕಡುಬು ತಿಂದು ಚೆನ್ನಾಗಿ ನಿದ್ದೆ ಮಾಡಿದ. ಬುಧವಾರ ನಸುಕಿಗೇ ಎದ್ದು, ಜೇನಿನ ಕೆಲಸ, ತೋಟದ ಕೆಲಸ ಎಲ್ಲ ಮುಗಿಸಿ, ಹತ್ತು ಗಂಟೆಗೆ ಟಿಕೆಟಿನ ಗೂಡಂಗಡಿಯಲ್ಲಿ ಕುಳಿತ.

"ಏನು ಈನಾಕ್, ಇವತ್ತು ಗಡ್ಡ ಕೆರೆದು ಬಂದಿದೀಯ? ಮದುವೆ ಗಿದುವೆ ಇದೆಯಾ?" ಎಂದಳು ಮಿಸೆಸ್ ಗ್ವಿಲಿಯಂ, ಹಿಟ್ಟಿನ ಕೈಯಲ್ಲೇ.

"ನೀನು ಒಪ್ಪಿದ್ರೆ ಇವತ್ತೇ," ಎಂದ. ಅವಳು ಸೆರಗಿಲ್ಲದ ತನ್ನ ಏಪ್ರನ್ನನ್ನೇ ಬಾಯಿಗೆ ಒತ್ತಿ ನಗುತ್ತ ಒಳಗೆ ಹೋದಳು.

ಹನ್ನೆರಡಕ್ಕೆ ಕಾಲು ಗಂಟೆಯಿರುವಾಗ ಕಂದಕದ ಕಡೆಯಿಂದ ಒಬ್ಬ ಹೆಂಗಸು ಚೀರಿದಳು. ಬೆಡೋಸ್ ಎಲ್ಲರಿಗಿಂತ ಮೊದಲು ಓಡಿದ. ಎಲ್ಲರಿಗೂ ಕಾಣುವಂತೆ ಮಂಡಿಯೂರಿದ.

ಸಾರ್ಜೆಂಟ್ ಪ್ರೋಸರ್ ವುಲ್ವರ್‌ಹ್ಯಾಂಪ್ಟನ್ ಶಹರದ ಹುಡುಗಿ, ಹೊಸದಾಗಿ ಈ ಕಡೆಗೆ ವರ್ಗವಾಗಿ ಬಂದವಳು. ಅವಳು ಬಂದವರನ್ನೆಲ್ಲ ಟೀ ಅಂಗಡಿಯಲ್ಲಿ ಕೂರಿಸಿ, ಬೆಡೋಸ್‌ನನ್ನು ಅಲ್ಲೇ ಮೂಲೆಯ ಮೇಜಿನಲ್ಲಿ ವಿಚಾರಿಸಿದಳು.

"ನಿಮಗೆ ವಿಷಯ ಗೊತ್ತಾಗಿದ್ದು ಯಾವಾಗ?"

"ಆ ಅಮ್ಮ ಕೂಗಿಕೊಂಡಾಗ್ಲೇ, ತಾಯಿ. ಅಲ್ಲೀವರೆಗೂ ಯಜಮಾನ್ರು ಇನ್ನೂ ಎದ್ದಿಲ್ಲ ಅಂತಾನೇ ತಿಳ್ಕೊಂಡಿದ್ದೆ."

"ಗೋಡೆ ಮೊದಲೇ ಸಡಿಲ ಇತ್ತಾ?"

"ರಿಪೇರಿ ಮಾಡಿಸಿ ಅಂತ ಎಷ್ಟು ಸಲ ಹೇಳ್ದೆ. ಕೇಳ್ಬೇಕಲ್ಲ." ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಪ್ರೋಸರ್ ಪುಸ್ತಕ ಮುಚ್ಚಿ, ಅವನ ಟೀಗೆ ತಾನೇ ಎರಡು ಚಮಚ ಸಕ್ಕರೆ ಹಾಕಿದಳು.

ಆಗ ಪಕ್ಕದ ಮೇಜಿನಿಂದ, ಬಸ್ಸಿನಲ್ಲಿ ಬಂದ ಗುಂಪಿನ ಹಣ್ಣು ಮುದುಕಿಯೊಬ್ಬಳು, ಹೊಲಮನೆಯಲ್ಲಿ ಹುಟ್ಟಿ ಬೆಳೆದವಳು, ಎದ್ದು ಬಂದು ಬೆಡೋಸ್‌ನ ಭುಜದ ಮೇಲೆ ಕೈಯಿಟ್ಟಳು. "ಅಳ್ಬೇಡಪ್ಪ. ನಿನ್ನ ಕೈಲಾದದ್ದು ನೀನು ಮಾಡಿದೀಯ. ಮನೆ ಯಜಮಾನ ಸತ್ರೆ ಜೇನಿಗೆ ಹೋಗಿ ಹೇಳ್ಬೇಕು, ಪೆಟ್ಟಿಗೆಗೆ ಕರೀ ಬಟ್ಟೆ ಕಟ್ಬೇಕು, ಇಲ್ದಿದ್ರೆ ಹುಳ ಮುನಿಸ್ಕೊಂಡು ಗೂಡು ಬಿಟ್ಟು ಹೋಗ್ತವೆ. ಈಗಿನೋರಿಗೆ ಇದೆಲ್ಲ ಎಲ್ಲಿ ಗೊತ್ತು? ನಾವು ಹತ್ತೂವರೆಗೆ ಬಸ್ಸಿಳಿದು ಮೊದಲು ಹಣ್ಣಿನ ತೋಟಕ್ಕೇ ಹೋದ್ವಿ. ಏಳೂ ಪೆಟ್ಟಿಗೆಗೆ ಕರೀ ಪಟ್ಟಿ ನೋಡಿ ನನ್ನ ತಂಗಿಗೆ ಹೇಳ್ದೆ, ಈ ಮನೇಲಿ ಯಾರೋ ತೀರ್ಕೊಂಡಿದಾರೆ ಕಣೇ, ಮೆಲ್ಲಗೆ ಮಾತಾಡು ಅಂತ. ಅವ್ಳು ಫೋಟೊನೂ ತೆಗೆದ್ಲು." ಬೆಡೋಸ್ ತನ್ನ ಕೈಗಳನ್ನು ನೋಡಿಕೊಂಡ. ನಸುಕಿನಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ, ಮನೆಯ ಕೀಲಿಯಿಂದ ಮೂರು ಮೂರು ಸಲ ತಟ್ಟಿ, ಯಜಮಾನ ಹೋದ ಎಂದು ಪಿಸುಗುಟ್ಟಿ ಪಟ್ಟಿ ಬಿಗಿದದ್ದು ಅವೇ ಕೈಗಳು. ಅವ್ವ ಮಾಡುತ್ತಿದ್ದ ಹಾಗೆ, ಮುಖ ತೊಳೆದಷ್ಟೇ ಸಹಜವಾಗಿ, ಹಂಚಿಕೆಯಲ್ಲಿ ಅದನ್ನು ಎಣಿಸದೆಯೇ. ಪ್ರೋಸರ್ ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದು, ಮುದುಕಿಯ ಕಡೆ ತಿರುಗಿ, "ಎಷ್ಟೊತ್ತಿಗೆ ಅಂದ್ರಿ, ಅಜ್ಜೀ?" ಎಂದು ಕೇಳಿದಳು.