ಬಂಡೆಯ ಆಚೆಗೊಂದು ಗಾಳ, ಈಚೆಗೊಂದು

ಹಲ್ಲಿನ ಡಾಕ್ಟರು ಟೆಂಟಿನ ಗೂಟ ಹೊಡೆಯುತ್ತಿದ್ದ ನಾಜೂಕು ನೋಡಿ ಸೂಜಿಗೆ ನಗು ಉಕ್ಕಿ ಬಂತು. ಗೂಟಕ್ಕೆಲ್ಲಿ ನೋವಾದೀತೋ ಎನ್ನುವ ಹಾಗೆ ಮೆಲ್ಲಗೆ ತಟ್ಟುತ್ತಿದ್ದರು. ಅವಳು ಸಮುದ್ರದ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡಳು. ಮಾತು ಬಿಟ್ಟವರ ಎದುರು ನಕ್ಕರೆ ಸೋತಂತೆಯೇ ಲೆಕ್ಕ.

ಸೂಜಿ ಅನ್ನುವುದು ಗೆಳೆಯರು ಇಟ್ಟ ಹೆಸರು. ಹೊಲಿಗೆ ಅಂಗಡಿ ಇಟ್ಟವಳಿಗೆ ಅದು ಒಪ್ಪುತ್ತದೆ, ಅವಳ ನಾಲಿಗೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಡಾಕ್ಟರ ಕ್ಲಿನಿಕ್ ಇದ್ದದ್ದು ಅವಳ ಅಂಗಡಿಯ ಎದುರಿಗೇ. ಬೆಳಗ್ಗೆ ಅವಳು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲಿಗೆ ಬಂದರೆ ಅವರು ಮಾಸ್ಕನ್ನು ಗಲ್ಲಕ್ಕಿಳಿಸಿ ನಗುತ್ತಿದ್ದರು. ಆ ಒಂದು ನಗುವಿನ ಗುಂಗಿನಲ್ಲಿ ಅವಳು ಯಾರದೋ ಅಂಗಿಗೆ ಎಡ ತೋಳನ್ನು ಬಲಕ್ಕೆ ಹೊಲಿದದ್ದೂ ಉಂಟು.

ಆಮೇಲೆ ಆ ಪ್ರಸಂಗ ನಡೆಯಿತು. ಊರಿನವರಿಗೆಲ್ಲ "ಬಾಯಿ ತೆಗೀರಿ" ಅನ್ನುವ ಮನುಷ್ಯನಿಗೆ ತನ್ನ ಬಾಯಿ ತೆಗೆಯಲು ಧೈರ್ಯ ಸಾಲದೆ, ಮದುವೆಯ ಮಾತನ್ನು ಬನ್ನಣ್ಣನ ಕೈಯಲ್ಲಿ ಹೇಳಿಕಳಿಸಿದರು. ಬನ್ನಣ್ಣ ಬೇಕರಿಯವನು, ಇಬ್ಬರಿಗೂ ಗೆಳೆಯ, ಮನಸ್ಸು ಅವನ ಬನ್ನಿನಷ್ಟೇ ಮೆತ್ತಗೆ. ಅವನು ಸೂಜಿಯ ಅಂಗಡಿಗೆ ಬಂದು, ಗಿರಾಕಿಗಳು ಕೂತಿರುವಾಗಲೇ ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡು, "ಡಾಕ್ಟರಿಗೆ ನೀನು ಬೇಕಂತೆ, ಏನಂತೀಯ?" ಎಂದು ಕೇಳಿದ್ದ. ಸೂಜಿಗೆ ಮೈಯೆಲ್ಲ ಉರಿದುಹೋಯಿತು. "ಕೇಳೋದಿದ್ರೆ ಅವರೇ ಬಂದು ಕೇಳಲಿ ಅಂತ ಹೇಳು" ಎಂದು ಕಳಿಸಿದಳು.

ಅವರು ಬರಲಿಲ್ಲ. ರಸ್ತೆ ದಾಟಿದರೆ ಸಾಕಿತ್ತು, ದಾಟಲಿಲ್ಲ. ದಿನ ಕಳೆದಂತೆ ಬೆಳಗಿನ ನಗುವೂ ನಿಂತಿತು. ಈಗ ಸೂಜಿಯ ಅಣ್ಣ, ಅತ್ತಿಗೆ, ಗೆಳೆಯರೆಲ್ಲ ಒಟ್ಟಿಗೆ ಕಡಲತೀರಕ್ಕೆ ಕಾರಿನಲ್ಲಿ ಬರುವಾಗ ಅತ್ತಿಗೆ ಅವಳ ಕಿವಿಯಲ್ಲಿ ಇನ್ನೊಂದು ಸುದ್ದಿ ಹಾಕಿದ್ದಳು. ಡಾಕ್ಟರು ಮುಂದಿನ ತಿಂಗಳು ಕ್ಲಿನಿಕ್ ಖಾಲಿ ಮಾಡಿ ಬೇರೆ ಊರಿಗೆ ಹೋಗುತ್ತಾರಂತೆ. "ಹೋಗಲಿ ಬಿಡಿ ಅತ್ತಿಗೆ, ನಂಗೇನಂತೆ" ಎಂದು ಸೂಜಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಹೊರಗೆ ಏನಿತ್ತೆಂದು ಕೇಳಿದರೆ ಹೇಳಲು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಅವರು ಬೇಕಿತ್ತು. ಬಾಯಿ ಬಿಟ್ಟು ಕೇಳುವ ಅವರು ಬೇಕಿತ್ತು.

ಟೆಂಟು ನಿಂತಿತು, ವಾಲಿಕೊಂಡಾದರೂ ನಿಂತಿತು. ಅತ್ತಿಗೆ ಟೀ ಸುರಿದಳು. ಒಂದೇ ಲೋಟಕ್ಕೆ ಎರಡು ಕೈ ಬಂದವು.

"ನೀವು ತಗೊಳ್ಳಿ" ಎಂದರು ಡಾಕ್ಟರು, ಲೋಟದ ಜೊತೆ ಮಾತಾಡುವವರಂತೆ.

"ಬೇಡ, ನನಗೆ ಅಷ್ಟು ಬಿಸಿ ಆಗಲ್ಲ" ಎಂದಳು ಸೂಜಿ, ಅತ್ತಿಗೆಯನ್ನು ನೋಡುತ್ತ.

ಆ ಗಡಿಬಿಡಿಯಲ್ಲೇ ಅವಳು ಕದ್ದು ಒಮ್ಮೆ ನೋಡಿದಳು. ಅವರೂ ಕದ್ದು ನೋಡುತ್ತಿದ್ದರು. ಸಿಕ್ಕಿಬಿದ್ದ ಇಬ್ಬರ ಕಿವಿಗಳೂ ಕೆಂಪಾದವು. ಅಣ್ಣ ಮಾತ್ರ ಇದ್ಯಾವುದನ್ನೂ ಗಮನಿಸದೆ ಗಾಳದ ಕೋಲುಗಳನ್ನು ಹಂಚಿ ಗುಂಪಿನ ಹಳೇ ಕಟ್ಟಳೆಯನ್ನು ಸಾರಿದ: ಮೀನು ಹಿಡಿದವರು, ಅಡುಗೆ ಮಾಡಿದವರು ಪಾತ್ರೆ ಮುಟ್ಟುವಂತಿಲ್ಲ, ಉಳಿದವರು ಎಲ್ಲರ ಪಾತ್ರೆ ತೊಳೆಯಬೇಕು.

ದಡದಿಂದ ಒಂದು ದೊಡ್ಡ ಬಂಡೆ ಗೋಡೆಯಂತೆ ನೀರಿಗೆ ಚಾಚಿಕೊಂಡಿತ್ತು. ಡಾಕ್ಟರು ಬಂಡೆಯ ಎಡಕ್ಕೆ ಹೋದದ್ದನ್ನು ನೋಡಿಯೇ ಸೂಜಿ ಬಲಕ್ಕೆ ಹೋದಳು. ಈಗ ಒಬ್ಬರಿಗೊಬ್ಬರು ಕಾಣುವಂತಿಲ್ಲ. ಸಿಗಡಿಯ ತುಂಡು ಸಿಕ್ಕಿಸಿ, ಸಿಟ್ಟನ್ನೆಲ್ಲ ಭುಜಕ್ಕೆ ತಂದುಕೊಂಡು ಗಾಳ ಬೀಸಿದಳು. ಅದು ಬಹಳ ದೂರ ಹೋಗಿ ಬಿತ್ತು. ಬನ್ನಣ್ಣ ಮಾತ್ರ ಬಂಡೆಯ ನೆತ್ತಿಯ ಮೇಲೆ ಕೂತು ಆಚೆಗೂ ಈಚೆಗೂ ಕಾಲು ಬಿಟ್ಟಿದ್ದ.

ಬಿಸಿಲು ವಾಲುತ್ತಿರುವಾಗ ಅವಳ ದಾರ ಬಿಗಿಯಿತು. ಎಳೆದಳು. ಆ ಕಡೆಯಿಂದಲೂ ಎಳೆತ ಬಂತು.

"ಬನ್ನಣ್ಣಾ! ದೊಡ್ಡದು!"

"ಡಾಕ್ಟರಿಗೂ ದೊಡ್ಡದೇ ಬಿದ್ದಿದೆ ಕಣೇ!" ಬನ್ನಣ್ಣ ಕುಣಿಯತೊಡಗಿದ.

ಡಾಕ್ಟರಿಗಿಂತ ಮೊದಲು ಮೀನನ್ನು ದಡಕ್ಕೆ ಹಾಕಲೇಬೇಕೆಂದು ಸೂಜಿ ಹಲ್ಲು ಕಚ್ಚಿದಳು. ಎಂಥ ಮೀನೋ, ರೀಲು ಸುತ್ತಿದಷ್ಟನ್ನೂ ವಾಪಸ್ ಕಿತ್ತುಕೊಳ್ಳುತ್ತಿತ್ತು. ಹಠಮಾರಿ ಮೀನು. ಬಿಟ್ಟರೆ ಸುಮ್ಮನಾಗುತ್ತಿತ್ತು, ಎಳೆದರೆ ರೇಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಬಂಡೆಯಾಚೆಗೆ ಒಂದು ಕೂಗು ಹಾಕಿ, ನಿಮ್ಮ ದಾರ ಎಲ್ಲಿದೆ ನೋಡಿ ಎಂದು ಕೇಳುತ್ತಿದ್ದರು. ಇವರಿಬ್ಬರೂ ಮಾತು ಬಿಟ್ಟವರು. ಕೇಳುವುದನ್ನೆಲ್ಲ ಬನ್ನಣ್ಣನನ್ನೇ ಕೇಳಿದರು. ಅವನು ಆಚೆ ನೋಡಿ "ಎಳೀರಿ ಡಾಕ್ಟ್ರೇ!" ಎಂದು, ಈಚೆ ನೋಡಿ "ಎಳಿಯೇ ಸೂಜಿ!" ಎಂದು, ಇಬ್ಬರನ್ನೂ ಸರಿಯಾಗಿ ಹುರಿದುಂಬಿಸಿದ.

ಟೆಂಟಿನ ಬಳಿ ಈರುಳ್ಳಿ ಹೆಚ್ಚುತ್ತಿದ್ದ ಅತ್ತಿಗೆ ಕತ್ತೆತ್ತಿದಳು. ಅಲ್ಲಿಂದ ಬಂಡೆಯ ಎರಡು ಕಡೆಯೂ ಕಾಣುತ್ತಿತ್ತು. ಸೂಜಿ ಹಿಂದಕ್ಕೆ ಬಾಗಿದಾಗಲೆಲ್ಲ ಡಾಕ್ಟರು ಮುಂದಕ್ಕೆ ಮುಗ್ಗರಿಸುತ್ತಿದ್ದರು. ಡಾಕ್ಟರು ಬಾಗಿದರೆ ಸೂಜಿ ಮುಗ್ಗರಿಸುತ್ತಿದ್ದಳು. ಅತ್ತಿಗೆ ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಗಂಡ ಏನೆಂದು ಕೇಳಿದ್ದಕ್ಕೆ, "ನೋಡ್ತಾ ಇರಿ, ಏನೂ ಮಾತಾಡ್ಬೇಡಿ" ಎಂದಳು.

ನೀರು ಇಳಿದು ಬಂಡೆಯ ಮೂತಿಯ ಮುಂದೆ ಮರಳು ಕಾಣಿಸಿಕೊಂಡಿತ್ತು. ಸೂಜಿ ದಾರ ಸುತ್ತುತ್ತ, ಮೊಣಕಾಲುದ್ದ ನೀರಿನಲ್ಲಿ ಹೆಜ್ಜೆ ಹಾಕುತ್ತ ಮೂತಿಯನ್ನು ಬಳಸಿ ಬಂದಳು. ಆ ಕಡೆಯಿಂದ ಡಾಕ್ಟರೂ ಸುತ್ತುತ್ತಲೇ ಬಂದರು. ಇಬ್ಬರ ನಡುವೆ ದಾರ ಒಗೆದ ಬಟ್ಟೆ ಹಾಕುವ ಹಗ್ಗದಂತೆ ನೆಟ್ಟಗಿತ್ತು. ಮಧ್ಯದಲ್ಲಿ ಅವಳ ಗಾಳ ಅವರ ದಾರಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಮೀನಿನ ಸುಳಿವೇ ಇರಲಿಲ್ಲ.

"ಇಷ್ಟು ಹೊತ್ತು ನೀವಾ?" ಎಂದಳು ಸೂಜಿ.

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಭುಜ ಕಿತ್ತು ಬಂತು ನಂಗೆ."

"ಕೇಳ್ಬೇಕು ಅಂತಿದ್ರಾ? ಕೇಳೋಕೆ ನಿಮಗೆ ಬರುತ್ತಾ?"

ಡಾಕ್ಟರ ಮುಖ ಚಿಕ್ಕದಾಯಿತು. ಗಂಟು ಬಿಡಿಸುವ ನೆಪದಲ್ಲಿ ಕತ್ತು ಬಗ್ಗಿಸಿದರು. "ಕೇಳಿದ್ದೆನಲ್ಲ. ಆಮೇಲೆ ನೋಡೋಣ ಅಂತ ಹೇಳಿ ಕಳಿಸಿದ್ರಿ. ಇಷ್ಟ ಇಲ್ಲ ಅನ್ನೋದನ್ನೇ ಮರ್ಯಾದೆಯಾಗಿ ಹೇಳಿದ್ರಿ ಅಂದ್ಕೊಂಡೆ. ದಿನಾ ಎದುರಿಗೆ ನೋಡ್ತಾ ಕೂರೋಕೆ ಆಗಲ್ಲ ನನಗೆ. ಅದಕ್ಕೇ ಕ್ಲಿನಿಕ್..."

"ಆಮೇಲೆ ನೋಡೋಣ ಅಂದಿದ್ದು ನಾನಾ?" ಸೂಜಿಯ ದನಿ ಬಂಡೆಗೆ ಬಡಿದು ವಾಪಸ್ ಬಂತು. "ಅವರೇ ಬಂದು ಕೇಳಲಿ ಅಂದೆ ನಾನು! ಅವತ್ತಿಂದ ದಿನಾ ಬಾಗಿಲಿಗೆ ಬಂದು ನಿಲ್ತಾ ಇದ್ದೀನಿ!"

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಬಂಡೆಯ ಮೇಲಿದ್ದ ಬನ್ನಣ್ಣನಿಗೆ ಇದ್ದಕ್ಕಿದ್ದಂತೆ ಆಕಾಶದಲ್ಲಿ ಏನೋ ಕಂಡಿತು.

"ನೀನು ಸಿಟ್ಟಲ್ಲಿ ಹೇಳಿದ್ದೆ ಕಣೇ" ಎಂದ ಕೊನೆಗೆ. "ಅವರಿಗೆ ಬೇಜಾರಾಗುತ್ತೆ ಅಂತ ಸ್ವಲ್ಪ ಮೆತ್ತಗೆ ಮಾಡಿ ಹೇಳ್ದೆ."

ಸೂಜಿ ಅವನಿಗೆ ತಕ್ಕ ಉತ್ತರ ಕೊಡಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಲೆಯೊಂದು ಹಿಂದೆ ಸರಿಯುತ್ತ ಸಡಿಲವಾಗಿದ್ದ ದಾರಗಳನ್ನು ಎಳೆದುಕೊಂಡು ಹೋಯಿತು. ಮರುಕ್ಷಣ ಅವಳ ಕೋಲು ಬಿಲ್ಲಿನಂತೆ ಬಗ್ಗಿತು. ಅವರದ್ದೂ ಬಗ್ಗಿತು. ಈ ಸಲ ಎದುರಿನವರು ಯಾರೂ ಎಳೆದಿರಲಿಲ್ಲ.

"ಮೀನು!" ಇಬ್ಬರೂ ಕಿರುಚಿದರು.

ಗಂಟು ಇನ್ನೂ ಬಿಚ್ಚಿರಲಿಲ್ಲ. ಒಬ್ಬರು ಅವಸರ ಮಾಡಿದರೆ ಇನ್ನೊಬ್ಬರ ದಾರ ಕತ್ತರಿಸಿ ಹೋಗುವಂತಿತ್ತು. ಭುಜಕ್ಕೆ ಭುಜ ತಾಗಿಸಿ ನಿಂತರು. "ಸುತ್ತಿ... ನಿಲ್ಲಿ... ಈಗ ಸುತ್ತಿ" ಎಂದು ಡಾಕ್ಟರು ಹೇಳುತ್ತಿದ್ದರು. ನಿಧಾನವಾದ, ಗಟ್ಟಿಯಾದ ದನಿ. ಹೆದರಿದ ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸುವ ದನಿ. ಈ ದನಿ ಇಟ್ಟುಕೊಂಡು ಇವರು ಬನ್ನಣ್ಣನನ್ನು ಕಳಿಸಿದರಲ್ಲ ಎಂದು ಸೂಜಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಮೀನು ಹೊರಳಿದಾಗ ಬೆಳ್ಳಗಿನ ದೊಡ್ಡ ಹೊಟ್ಟೆ ಮಿಂಚಿತು. ಅವಳು ರೀಲಿನ ಮೇಲಿನ ಕೈಯನ್ನು ನಿಲ್ಲಿಸಿಬಿಟ್ಟಳು.

"ಯಾಕೆ ನಿಲ್ಲಿಸಿದ್ರಿ? ಸುತ್ತಿ!"

"ಮೊದಲು ಕೇಳಿ."

"ಈಗಲಾ? ಮೀನು ಹೋಗುತ್ತೆ!"

"ಹೋದ್ರೆ ಹೋಗಲಿ. ಕೇಳೋದಿದ್ರೆ ಕೇಳಿ, ಇಲ್ಲಾಂದ್ರೆ ಬಿಡ್ತೀನಿ."

ಡಾಕ್ಟರು ಒಮ್ಮೆ ಮೀನನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಮೀನಿನ ಕಡೆ ತಿರುಗಲೇ ಇಲ್ಲ. ಅಲೆಯ ಸದ್ದನ್ನು ಮೀರಿ, ಟೆಂಟಿನ ತನಕ ಕೇಳುವಂತೆ ಕೂಗಿದರು.

"ನನ್ನನ್ನ ಮದುವೆ ಆಗ್ತೀರಾ? ನಿಮ್ಮ ಅಂಗಡಿ ಬಾಗಿಲು ತೆಗೆಯೋವರೆಗೂ ನನಗೆ ಬೆಳಗಾಗಲ್ಲ! ಎರಡು ವರ್ಷದಿಂದ ಹೀಗೇ! ಆಗ್ತೀರಾ?"

"ಹೂಂ!" ಎಂದಳು ಸೂಜಿ, ಅಷ್ಟೇ ಜೋರಾಗಿ. ಕಣ್ಣಲ್ಲಿ ನೀರು ತುಂಬಿ ಸಮುದ್ರವೇ ಮಸುಕಾಗಿತ್ತು. "ಹೂಂ ಅಂದೆ! ಇನ್ನು ಎಳೀರಿ!"

ಎಳೆದರು. ಕೊನೆಯ ಅಲೆ ಮೀನನ್ನೂ ಅವರನ್ನೂ ಒಟ್ಟಿಗೆ ಮರಳಿಗೆ ಕೆಡವಿತು. ಮೀನು ಅವಳ ತೋಳಿನಷ್ಟು ಉದ್ದವಿತ್ತು. ಅಣ್ಣ ಓಡಿ ಬಂದು ಮೀನನ್ನು ಎತ್ತಿಕೊಂಡ, ಅತ್ತಿಗೆ ಸೂಜಿಯನ್ನು ಎತ್ತಿ ತಬ್ಬಿಕೊಂಡಳು. ಡಾಕ್ಟರು ಒದ್ದೆ ಮರಳಿನಲ್ಲಿ ಕೂತೇ ನಗುತ್ತಿದ್ದರು. ಅದೇ ನಗು, ಮಾಸ್ಕಿಲ್ಲದ್ದು. ಸೂಜಿ ಈ ಸಲ ಮುಖ ತಿರುಗಿಸಿಕೊಳ್ಳಲಿಲ್ಲ.

ಮೀನು ಇಬ್ಬರದೆಂದು ಅಣ್ಣ ತೀರ್ಪು ಕೊಟ್ಟ. ಅಣ್ಣ, ಅತ್ತಿಗೆ ಸೇರಿ ಹುರಿದ ಮೀನು ಮುಗಿದ ಮೇಲೆ ಪಾತ್ರೆಗಳೆಲ್ಲ ಬನ್ನಣ್ಣನ ಪಾಲಿಗೆ ಬಂದವು. ಅವನು ಮೊಣಕೈವರೆಗೆ ಸೋಪು ಮಾಡಿಕೊಂಡು, ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ ಕೇಳಿದ:

"ಊರಿಗೆ ಹೋದ ತಕ್ಷಣ ಸೂಜಿ ಅಮ್ಮನಿಗೆ ವಿಷಯ ನಾನೇ ತಿಳಿಸ್ಲಾ?"

"ಬೇಡ!" ಎಂದು ನಾಲ್ಕೂ ಜನ ಒಟ್ಟಿಗೆ ಕೂಗಿದರು.

ಡಾಕ್ಟರು ಸೂಜಿಯ ಫೋನಿಗೆ ಕೈ ಚಾಚಿದರು. ಅವಳು ನಂಬರ್ ಒತ್ತಿ ಕೊಟ್ಟು, ಅವರ ಇನ್ನೊಂದು ಕೈಯನ್ನು ಹಿಡಿದುಕೊಂಡಳು.

"ಅಮ್ಮಾ, ನಮಸ್ಕಾರ" ಎಂದರು ಅವರು, ಬೆನ್ನು ನೆಟ್ಟಗೆ ಮಾಡಿ. "ನಾನು ಎದುರು ಕ್ಲಿನಿಕ್ಕಿನವನು. ನಿಮ್ಮ ಹತ್ರ ಒಂದು ವಿಷಯ ನಾನೇ ಕೇಳ್ಬೇಕಿತ್ತು."