ಮಾದಲಕುಂಟೆ ಸ್ಟೇಷನ್ನಿನ ಹಸಿರು ದೀಪ

"ನನ್ನ ಮಗ ಕೊಲೆ ಮಾಡಿಲ್ಲ ಜಾಫರ್ ಭಾಯ್!" ಆಟೋ ಹತ್ತಿದಾಗಿನಿಂದ ಮಜೀದಾಳದ್ದು ಇದೊಂದೇ ಮಾತು. ಜಾಫರ್ ಅವಳನ್ನು ಸೀದಾ ಇಂದಿರಾನಗರದ ರಾಜೇಶ್ವರಿಯವರ ಮನೆಗೆ ಕರೆತಂದ. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೇಮು ಹಿಡಿದು ನಿವೃತ್ತರಾದ ಹೆಂಗಸು. ಪೊಲೀಸರಿಗೆ ತಲೆನೋವಾದ ಮೂರು ಪ್ರಕರಣ ಬಗೆಹರಿಸಿದಾಗಲೂ ಅವರ ಸಾರಥಿ ಜಾಫರನೇ.

ಸತ್ತವರು ಜೋಗುಪಾಳ್ಯದ ಪಿಳ್ಳಪ್ಪ. ಕೋಲಾರದ ಕಡೆ ಓಡುತ್ತಿದ್ದ ಸಣ್ಣ ರೈಲಿಗೆ ಸಿಗ್ನಲ್ ದೀಪ ಹಚ್ಚುತ್ತಿದ್ದ ಮುದುಕರು. ಆ ದಾರಿಯ ಒಂಬತ್ತು ಹಳೇ ಸ್ಟೇಷನ್ನುಗಳಲ್ಲಿ ಎರಡು ಉಳಿದಿವೆ, ಅದರಲ್ಲೊಂದು ಎಮ್ಮೆ ಕೊಟ್ಟಿಗೆ. ಮಾದಲಕುಂಟೆಯಂತೂ ಲೇಔಟಿನಡಿ ಹೂತೇ ಹೋಯಿತು. ಅದರ ಗುರುತಾಗಿ ಪಿಳ್ಳಪ್ಪನ ಬಳಿ ಒಂದು ಸೀಮೆಎಣ್ಣೆ ದೀಪವಿತ್ತು. ಮಂಗಳವಾರ ಮಧ್ಯಾಹ್ನ ಅವರು ಮನೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು, ಪಕ್ಕದಲ್ಲೇ ದೀಪ. ಮಜೀದಾಳ ಮಗ, ಶಿವಾಜಿನಗರದ ಹಳೇ ಸಾಮಾನಿನ ವ್ಯಾಪಾರಿ ಸಕ್ಲೇನ್, ಆ ದೀಪ ಕೊಡಿ ಎಂದು ಬೆಳಗ್ಗೆಯಷ್ಟೇ ಬಂದುಹೋಗಿದ್ದ. ಪಿಳ್ಳಪ್ಪನ ಹೆಂಡತಿ ಅಮೃತಮ್ಮ ಅವನ ಹೆಸರೇ ಹೇಳಿದಳು, ಪೊಲೀಸರು ಅವನನ್ನು ಹಿಡಿದೊಯ್ದರು.

ರಾಜೇಶ್ವರಿ ಲಾಕಪ್ಪಿನಲ್ಲಿದ್ದ ಸಕ್ಲೇನನನ್ನು ಕೇಳಿದ್ದು ಒಂದೇ ಪ್ರಶ್ನೆ. "ದೀಪದ ಗಾಜು ಯಾವ ಬಣ್ಣ?"

"ನೀಲಿ, ಅಮ್ಮಾ. ಹೋದ ವರ್ಷ ಸಡಿಲ ಆಗಿತ್ತು, ನಾನೇ ಕೂರಿಸ್ಕೊಟ್ಟೆ."

ಜಾಫರ್ ಹೊರಳಿ ನೋಡಿದ. ಹೆಣದ ಪಕ್ಕ ಸಿಕ್ಕಿ ಈಗ ಪೊಲೀಸರ ಮೇಜಿನ ಮೇಲಿದ್ದ ದೀಪದ ಗಾಜು ಅಪ್ಪಟ ಹಸಿರು! ಹುಡುಗ ಸುಳ್ಳು ಹೇಳಿ ಕೆಟ್ಟನಲ್ಲ ಎಂದು ಅವನಿಗೆ ಸಂಕಟವಾಯಿತು.

ಮರುದಿನ ಎಲ್ಲರೂ ಅಮೃತಮ್ಮನ ಮನೆಯಲ್ಲಿ ಸೇರಿದರು. ಇನ್‌ಸ್ಪೆಕ್ಟರ್, ಮಜೀದಾ, ಮತ್ತು ಕಳೆದುಹೋದ ಸ್ಟೇಷನ್ನುಗಳ ಪ್ರದರ್ಶನ ನಡೆಸಲು ಹೊರಟಿದ್ದ ಗುರುರಾಜ್.

"ದೀಪ ಎಲ್ಲಿರ್ತಿತ್ತು ಅಮೃತಮ್ಮಾ?" ಎಂದು ಕೇಳಿದರು ರಾಜೇಶ್ವರಿ.

"ಬಟ್ಟೆ ಚೀಲದಲ್ಲಿ. ಹೋದ ವರ್ಷ ರಿಪೇರಿ ಆದ್ಮೇಲೆ ಹೊರಗೆ ತೆಗೀತಾನೇ ಇರ್ಲಿಲ್ಲ. ಒಂದ್ಸಲ ಗುರುರಾಜ್‌ಗೆ ಕತ್ತಲೆ ಕೋಣೇಲಿ ಹಚ್ಚಿ ತೋರಿಸಿದ್ರು, ಅಷ್ಟೇ."

"ಅದು ಹಸಿರೇ ಮೇಡಂ," ಎಂದ ಗುರುರಾಜ್. "ನಾನೇ ಫೋಟೋ ತೆಗ್ದಿದೀನಿ."

"ಉರಿಯೋವಾಗ ಹಸಿರೇ," ಎಂದರು ರಾಜೇಶ್ವರಿ. "ಸೀಮೆಎಣ್ಣೆ ಉರಿ ಹಳದಿ. ನೀಲಿ ಗಾಜು ದಾಟಿದ್ರೆ ಹಸಿರಾಗಿ ಕಾಣುತ್ತೆ. ಅದಕ್ಕೇ ರೈಲ್ವೆಯವರು ನೀಲಿ ಗಾಜು ಹಾಕ್ತಿದ್ರು. ಹಾಗಾದ್ರೆ ಪೊಲೀಸರ ಹತ್ರ ಇರೋ ಹಸಿರು ಗಾಜಿನ ದೀಪ ನಕಲಿ. ಅಸಲಿ ಗಾಜು ನೀಲಿ ಅಂತ ಸಕ್ಲೇನ್‌ಗೆ ಗೊತ್ತು. ಅವನು ನಕಲಿ ಮಾಡಿಸಿದ್ರೆ ನೀಲಿಯನ್ನೇ ಹಾಕಿಸ್ತಿದ್ದ. ಹಸಿರು ಹಾಕಿಸಿದವನು ದೀಪವನ್ನ ಉರೀತಿದ್ದಾಗ ಮಾತ್ರ ಕಂಡವನು."

ಗುರುರಾಜ್ ಬಾಗಿಲ ಕಡೆ ಸರಿದ. ರಾಜೇಶ್ವರಿ ಹೇಳಿ ತರಿಸಿದ್ದ ಅವನ ಪ್ರದರ್ಶನದ ಪೆಟ್ಟಿಗೆಯನ್ನು ಪೇದೆ ಒಳಗೆ ತಂದು ಮುಚ್ಚಳ ಎಬ್ಬಿಸಿದ. ಒಳಗೆ ಇನ್ನೊಂದು ದೀಪ, ತಗಡಿನ ಮೇಲೆ ಮಾದಲಕುಂಟೆ ಎಂಬ ಅಕ್ಷರ, ನೀಲಿ ಗಾಜು. ರಾಜೇಶ್ವರಿ ಕಿಟಕಿ ಮುಚ್ಚಿಸಿ ಬತ್ತಿ ಹಚ್ಚಿದರು. ಗೋಡೆಯೆಲ್ಲ ಹಸಿರಾಯಿತು.

"ನೀನು ಅವಸರದಲ್ಲಿ ಗಾಜು ನೋಡದೆ ಚೀಲದಲ್ಲಿ ನಕಲಿ ಇಟ್ಟು ಅಸಲಿ ಒಯ್ದೆ," ಎಂದರು ಗುರುರಾಜನಿಗೆ. " ಮಂಗಳವಾರ ಸಕ್ಲೇನ್ ಬಂದುಹೋದ್ಮೇಲೆ ಪಿಳ್ಳಪ್ಪ ಚೀಲ ಬಿಚ್ಚಿದ್ರು. ಆ ಗಾಜನ್ನ ಜೀವಮಾನವೆಲ್ಲ ಒರೆಸಿದ ಕೈ, ಗೊತ್ತಾಗದೇ ಇರುತ್ತಾ? ನಿನ್ನನ್ನ ಕರೆಸಿದ್ರು."

"ಮೊದ್ಲು ಕೇಳ್ದೆ, ಕಾಲಿಗೆ ಬಿದ್ದೆ, ಕೊಡಲ್ಲ ಅಂದ್ರು!" ಗುರುರಾಜ್ ಕಿರುಚಿದ. "ಉಳಿದಿದ್ದು ಅದೊಂದೇ. ಅವರ ಜೊತೆ ಅದೂ ಮಣ್ಣು ಸೇರ್ತಿತ್ತು. ಉಳಿಸೋಣ ಅಂತ ತಗೊಂಡೆ. ಅವತ್ತು ಮೆಟ್ಟಿಲ ಮೇಲೆ ಕಾಲರ್ ಹಿಡಿದ್ರು, ಕೊಸರಿಕೊಂಡು ತಳ್ಳಿಬಿಟ್ಟೆ."

ಅವನನ್ನು ಎಳೆದೊಯ್ದ ಮೇಲೆ ಅಮೃತಮ್ಮ ಮಜೀದಾಳ ಕೈ ಹಿಡಿದು ಗಳಗಳನೆ ಅತ್ತಳು. "ತಪ್ಪಾಯ್ತು ತಾಯಿ."

ಮಜೀದಾ ಕೈ ಬಿಡಿಸಿಕೊಂಡಳು. "ನಾಲ್ಕು ದಿನ ನನ್ ಮಗನ್ನ ಹೊಡೆದವ್ರೆ. ನನ್ ಹತ್ರ ಯಾಕೆ ಹೇಳ್ತೀಯ? ಬಾ, ಅವನ ಮುಂದೆ ಹೇಳು."

ಅಮೃತಮ್ಮ ಸೆರಗಿನಲ್ಲಿ ಮುಖ ಒರೆಸಿ, ಗಂಡನ ದೀಪದ ಬತ್ತಿ ಇಳಿಸಿ ಆರಿಸಿ, ಚಪ್ಪಲಿ ಮೆಟ್ಟಿ ಆಟೋ ಹತ್ತಿದಳು. ಪೊಲೀಸ್ ಸ್ಟೇಷನ್ ತಲುಪುವವರೆಗೆ ಜಾಫರ್ ತಿರುಗಿ ನೋಡಲಿಲ್ಲ. ಹಿಂದೆ ಇಬ್ಬರೂ ಹೆಂಗಸರು ಸೀಟಿನ ಎರಡು ತುದಿಗೆ ಸರಿದು ಕೂತಿದ್ದರು.